ಕಳಚಿಟ್ಟ ಬಟ್ಟೆ ಎಲ್ಲಿಗೆ ಹೋಯಿತು?

ಸಾವಾದ ಮನೆಯಲ್ಲಿ ದಿನ ಕಳೆಯುವುದರೊಳಗೆ ಯಾರಾದರೂ ಹಿರಿಯರು ಭಗವದ್ಗೀತೆಯ ಎರಡನೆಯ ಅಧ್ಯಾಯದ 22ನೆಯ ಶ್ಲೋಕವನ್ನು ಹೇಳಿಯೇ ಹೇಳುತ್ತಾರೆ. ಶರೀರವನ್ನು ಹಳೆಯ ಬಟ್ಟೆಗೆ ಹೋಲಿಸುವ ಶ್ಲೋಕ ಅದು. ನನ್ನ ತಂದೆ ತೀರಿಕೊಂಡಾಗ ಕೇಳಿದೆ, ಅತ್ತೆಯವರು ತೀರಿಕೊಂಡಾಗಲೂ ಕೇಳಿದೆ, ಎರಡು ಸಲವೂ ಮನಸ್ಸಿಗೆ ಸಮಾಧಾನ ಸಿಕ್ಕಿತು. ಆದರೆ ಮನೆಯಲ್ಲಿ ಮಷಿನ್ ಇಟ್ಟುಕೊಂಡು ಹಳೆಯ ಸೀರೆ, ಪಂಚೆ, ಅಂಗಿಗಳನ್ನೇ ಕತ್ತರಿಸಿ ಹೊಲಿಯುತ್ತ ಬಂದ ನನಗೆ ಆ ಶ್ಲೋಕದಲ್ಲಿ ಒಂದು ಪ್ರಶ್ನೆ ಉಳಿದುಕೊಂಡಿದೆ. ಬಟ್ಟೆ ಬಿಟ್ಟವನು ಎಲ್ಲಿಗೆ ಹೋದ ಎಂದು ಎಲ್ಲರೂ ವಿಚಾರ ಮಾಡುತ್ತಾರೆ. ಬಿಟ್ಟ ಬಟ್ಟೆ ಎಲ್ಲಿಗೆ ಹೋಯಿತು?

ಧಾರವಾಡದ ನಮ್ಮ ಮನೆಗೆ ಹೊಸ ಅರಿವಿ ಹರಿಸಿ ತರುವುದು ಹಬ್ಬಕ್ಕೆ, ಮದುವೆಗೆ ಮಾತ್ರ. ಉಳಿದ ಕಾಲವೆಲ್ಲ ಇದ್ದದ್ದನ್ನೇ ತಿರುಗಿಸಿ ಹೊಲಿಯುವುದು. ಅಂಗಿಯ ಕಾಲರ್ ಸವೆದರೆ ಹೊಲಿಗೆ ಬಿಚ್ಚಿ, ಒಳಮಗ್ಗುಲು ಮೇಲೆ ಮಾಡಿ ಮತ್ತೆ ಹಚ್ಚುತ್ತೇನೆ. ಇಳಕಲ್ ಸೀರೆ ಕೂಡುವ ಜಾಗದಲ್ಲಿ ಮೊದಲು ಸವೆಯುತ್ತದೆ. ದಡಿ, ಸೆರಗು ಬಹಳ ವರ್ಷ ಗಟ್ಟಿ ಇರುತ್ತವೆ. ದಡಿ ಬಿಚ್ಚಿ ಕೈಚೀಲಕ್ಕೆ ಹಿಡಿಕೆ ಮಾಡಬಹುದು, ಸೆರಗಿನಲ್ಲಿ ದಿಂಬಿನ ಗವಸು ಆಗುತ್ತದೆ. ಗುಳೇದಗುಡ್ಡದ ಖಣದ ತುಂಡುಗಳಲ್ಲಿ ಕೂಸಿಗೆ ಕುಂಚಿಗೆ. ಯಾವುದಕ್ಕೂ ಸಾಲದ್ದು ಕೌದಿಗೆ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಹಳೆ ಬಟ್ಟೆಯನ್ನು ಕೊಳ್ಳುವ ಮುಂಚೆ ಬೆಳಕಿಗೆ ಹಿಡಿಯುತ್ತೇನೆ. ಹಾಸಿನ ಕಡೆ ಒಮ್ಮೆ, ಹೊಕ್ಕಿನ ಕಡೆ ಒಮ್ಮೆ ಹೆಬ್ಬೆರಳು ಊರಿ ಜಗ್ಗುತ್ತೇನೆ. ಚರ್ ಎಂದರೆ ಅಲ್ಲೇ ಬಿಟ್ಟೆ. ಕಂಕುಳು, ಮೊಣಕೈ ಯಾವಾಗಲೂ ಕೈಕೊಡುತ್ತವೆ. ಬೆನ್ನಿನ ಭಾಗದ ಅರಿವಿಗೆ ಇನ್ನೂ ಆಯುಷ್ಯ ಇರುತ್ತದೆ.

ಹಳೆಯದಕ್ಕೆ ಹೊಚ್ಚಹೊಸ ಬಟ್ಟೆಯ ತೇಪೆ ಹಾಕಬಾರದು. ಇದನ್ನು ನಾನು ಮೊದಲು ಕೇಳಿದ್ದು ಹೊಲಿಗೆ ಕಲಿಯುವಾಗ ಅಲ್ಲ, ಬಾಸೆಲ್ ಮಿಷನ್ ಶಾಲೆಯಲ್ಲಿ, ಮಾರ್ಕನ ಸುವಾರ್ತೆಯ ಪಾಠದಲ್ಲಿ. ಟೀಚರ್ ಅದನ್ನು ಹೊಸ ಬೋಧನೆ, ಹಳೆ ಆಚಾರಗಳ ವಿಷಯವಾಗಿ ವಿವರಿಸಿದ್ದರು. ಮಷಿನ್ ಮುಂದೆ ಕೂತ ಮೇಲೆ ಅದರ ಮೊದಲ ಅರ್ಥ ಕೈಗೆ ತಿಳಿಯಿತು. ಒಗೆಯದ ಹತ್ತಿ ಬಟ್ಟೆ ಮೊದಲ ನೀರಿಗೆ ಕುಗ್ಗುತ್ತದೆ. ಕುಗ್ಗುವುದೆಲ್ಲ ಮುಗಿದಿರುವ ಹಳೆಯ ಬಟ್ಟೆಯನ್ನು ಸುತ್ತಲಿಂದ ಜಗ್ಗಿ ಹರಿದುಬಿಡುತ್ತದೆ, ಮೊದಲಿದ್ದ ತೂತಿಗಿಂತ ದೊಡ್ಡ ತೂತಾಗುತ್ತದೆ. ಏಸುಸ್ವಾಮಿ ಬೆಳೆದ ಮನೆಯಲ್ಲಿ ಯಾರೋ ದೀಪದ ಬೆಳಕಿನಲ್ಲಿ ತೇಪೆ ಹಾಕುತ್ತಿದ್ದರು, ಹುಡುಗ ಪಕ್ಕದಲ್ಲಿ ಕೂತು ನೋಡುತ್ತಿದ್ದ ಎಂದು ನಾನು ನಂಬುತ್ತೇನೆ. ನೋಡದೆ ಬರುವ ಮಾತಲ್ಲ ಅದು.

ಗೀತೆಯ ಹೋಲಿಕೆ ಉಡುವವನ ಕಡೆಯಿಂದ ಬಂದದ್ದು. ಕೇಳುತ್ತಿರುವವನು ರಾಜಕುಮಾರ, ವನವಾಸದಲ್ಲಿ ಕಷ್ಟ ಉಂಡವನೇ ಆದರೂ, ಅರಮನೆಯಲ್ಲಿ ಅವನು ಕಳಚಿ ಬಿಟ್ಟದ್ದನ್ನು ಎತ್ತಿಕೊಂಡು ಹೋಗುವವರು ಬೇರೆ ಇದ್ದರು. ಎತ್ತಿಕೊಂಡವರ ಕಡೆಯ ಮಾತಿಗಾಗಿ ಹುಡುಕುತ್ತ ನಾನು ಬೌದ್ಧರ ವಿನಯಪಿಟಕಕ್ಕೆ ಬಂದೆ.

ಬುದ್ಧನ ಪರಿನಿರ್ವಾಣದ ನಂತರದ ಕಥೆ. ಅವನ ಶಿಷ್ಯ ಆನಂದ ಕೌಶಾಂಬಿಗೆ ಹೋಗುತ್ತಾನೆ. ಉದಯನ ರಾಜನ ಅಂತಃಪುರದ ಹೆಂಗಸರು ಅವನ ಉಪದೇಶ ಕೇಳಿ 500 ವಸ್ತ್ರಗಳನ್ನು ದಾನ ಮಾಡುತ್ತಾರೆ. ರಾಜನಿಗೆ ಸಿಟ್ಟು: ಸನ್ಯಾಸಿಗೆ ಇಷ್ಟು ಬಟ್ಟೆ ಏಕೆ, ಅಂಗಡಿ ಇಡುತ್ತಾನೆಯೇ? ನೇರವಾಗಿ ಹೋಗಿ ಕೇಳುತ್ತಾನೆ. ಚೀವರ ಹರಿದುಹೋದ ಭಿಕ್ಷುಗಳಿಗೆ ಹಂಚುತ್ತೇವೆ ಎನ್ನುತ್ತಾನೆ ಆನಂದ. ಸರಿ, ಅವರ ಹಳೆಯ ಚೀವರಗಳನ್ನು ಏನು ಮಾಡುತ್ತೀರಿ? ಮೇಲುಹಾಸು ಮಾಡುತ್ತೇವೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸು. ಹಳೆಯ ಗವಸು? ನೆಲಕ್ಕೆ ಹಾಸುತ್ತೇವೆ. ಅದೂ ಹಳೆಯದಾದರೆ? ಕಾಲೊರಸು. ಅದರ ಮುಂದೆ? ಧೂಳು ಹೊಡೆಯುವ ಅರಿವಿ. ಅದೂ ಚಿಂದಿಯಾದರೆ? ಕುಟ್ಟಿ, ಕೆಸರಿನಲ್ಲಿ ಕಲಸಿ ನೆಲಕ್ಕೆ ಬಳಿಯುತ್ತೇವೆ. ರಾಜ ಸಂತೋಷಪಟ್ಟು ಇನ್ನೂ 500 ವಸ್ತ್ರ ಕೊಟ್ಟನಂತೆ.

ಈ ಕಥೆಯನ್ನು ಜನ ಮಿತವ್ಯಯದ ಪಾಠವಾಗಿ ಹೇಳುತ್ತಾರೆ. ಅದು ಹೌದು. ನನಗೆ ಅದರಲ್ಲಿ ಇನ್ನೂ ದೊಡ್ಡದು ಕಾಣುತ್ತದೆ. ಆನಂದ ವಿರಕ್ತ, ಬಟ್ಟೆಯ ಮೇಲೆ ಅವನಿಗೆ ಆಸೆ ಇಲ್ಲ. ಆದರೂ ಪ್ರತಿ ಹಂತದಲ್ಲೂ ಬಟ್ಟೆಯ ಮುಂದಿನ ಗತಿ ಅವನಿಗೆ ಗೊತ್ತು, ಕೇಳಿದ ಕೂಡಲೇ ಉತ್ತರ ಬರುತ್ತದೆ. ಬಿಡುವುದು ಬೇರೆ, ಬಿಸಾಡುವುದು ಬೇರೆ ಎಂದು ಅವನು ಬಾಳಿ ತೋರಿಸುತ್ತಿದ್ದಾನೆ. ವೈರಾಗ್ಯ ಬರಬೇಕಾದರೆ ಬಿಟ್ಟ ವಸ್ತುವಿನ ಮೇಲೆ ಹೇಸಿಗೆ ಹುಟ್ಟಬೇಕು ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಶರೀರವನ್ನು ಹೊಲಸಿನ ಚೀಲ ಎಂದು ಬೈಯುವುದೇ ಜ್ಞಾನ ಎಂಬಂತೆ ಮಾತಾಡುತ್ತಾರೆ. ಆನಂದನ ಉತ್ತರದಲ್ಲಿ ಆ ಹೇಸಿಗೆಯ ಸುಳಿವೇ ಇಲ್ಲ.

ಚೀವರ ಹೊಲಿಯುವ ಕ್ರಮವೂ ಅವನದೇ. ಮಗಧದ ಗದ್ದೆಗಳು, ಬದುಗಳು, ಬದು ಬದು ಕೂಡುವ ಜಾಗಗಳನ್ನು ತೋರಿಸಿ ಬುದ್ಧ ಹೀಗೆ ಮಾಡಬಲ್ಲೆಯಾ ಎಂದು ಕೇಳಿದ. ಆನಂದ ತುಂಡು ತುಂಡಾಗಿ ಕತ್ತರಿಸಿ ಆ ನಕ್ಷೆಯಂತೆಯೇ ಹೊಲಿದ. ಅದಕ್ಕೂ ಮುಂಚಿನ ಭಿಕ್ಷುಗಳು ಕಸದ ಗುಡ್ಡೆಯಿಂದ, ಸ್ಮಶಾನದಿಂದ ಆಯ್ದ ಚಿಂದಿ ಉಡುತ್ತಿದ್ದರು; ಅದಕ್ಕೆ ಪಾಂಸುಕೂಲ ಎಂದು ಹೆಸರು. ಜೀವಕ ವೈದ್ಯ ಬೇಡಿಕೊಂಡ ಮೇಲೆ ಗೃಹಸ್ಥರು ಕೊಟ್ಟ ಬಟ್ಟೆಗೆ ಒಪ್ಪಿಗೆ ಸಿಕ್ಕಿತು. ಒಳ್ಳೆಯ ಬಟ್ಟೆ ಬಂದರೂ ಕತ್ತರಿಸಿಯೇ ಹೊಲಿಯಬೇಕು: ತುಂಡಾದ ಬಟ್ಟೆಯನ್ನು ಯಾರೂ ಆಸೆಪಡುವುದಿಲ್ಲ, ಆದ್ದರಿಂದ ಅದು ಶ್ರಮಣನಿಗೆ ಯೋಗ್ಯ.

ನಾನು ಹುಟ್ಟಿದ ಮನೆಯ ನಂಬಿಕೆ ಇದಕ್ಕೆ ಪೂರಾ ಉಲ್ಟಾ. ಮಡಿಗೆ ಹೊಲಿದ ಬಟ್ಟೆ ನಡೆಯುವುದಿಲ್ಲ. ಕರ್ಮಕ್ಕೆ ಅಹತ ವಸ್ತ್ರ ಬೇಕು: ಯಾರೂ ಉಟ್ಟಿರಬಾರದು, ಒಗೆದಿರಬಾರದು, ಅಂಚು ದಶಿ ಇದ್ದಂತೆ ಇರಬೇಕು. ಕತ್ತರಿ ಬಿದ್ದರೆ ಅದರ ಶುದ್ಧಿ ಹೋಯಿತು. ಈ ನಿಯಮದೊಳಗೆ ಬೆಳೆದವಳು ನಾನು, ಅದನ್ನು ಹಗುರವಾಗಿ ಕಾಣುವುದಿಲ್ಲ. ಅಖಂಡವಾದದ್ದನ್ನು ದೇವರ ಮುಂದೆ ಇಡಬೇಕೆಂಬ ಆಸೆ ದೊಡ್ಡದೇ. ಆದರೆ ಅದೇ ಮನೆಯಲ್ಲಿ ಕೂಸು ಹುಟ್ಟಿದಾಗ ಏನಾಗುತ್ತದೆ ನೋಡಿ. ಹೊಸ ಬಟ್ಟೆ ಮುಟ್ಟಿಸುವುದಿಲ್ಲ. ಗಂಜಿಯ ಬಿರುಸು ಕೂಸಿನ ಮೈಗೆ ತಾಗುತ್ತದೆ ಎಂದು ಅಜ್ಜನ ಹಳೆಯ ಪಂಚೆ, ಅಜ್ಜಿಯ ಸವೆದ ಸೀರೆ ಹುಡುಕುತ್ತೇವೆ. ನೂರಾರು ಸಲ ಒಗೆದು ಬೆಣ್ಣೆಯಂತಾದ ಅರಿವಿಯಲ್ಲಿ ಕೂಸನ್ನು ಸುತ್ತಿ, ಅಂಥದೇ ಅರಿವಿಯ ಕೌದಿಯ ಮೇಲೆ ಮಲಗಿಸುತ್ತೇವೆ. ಇನ್ನು ಯಾರಾದರೂ ತೀರಿಕೊಂಡರೆ ಮೊದಲು ಪೇಟೆಗೆ ಓಡುವುದು ಹೊಸ ಬಟ್ಟೆ ತರಲು. ಸತ್ತವರಿಗೆ ಹೊಸದು, ಹುಟ್ಟಿದವರಿಗೆ ಹಳೆಯದು. ಶ್ಲೋಕ ಹೇಳುವುದರ ತಿರುವುಮುರುವು ನಮ್ಮ ಮನೆಗಳಲ್ಲಿ ಮೊದಲಿನಿಂದ ನಡೆದಿದೆ, ಮತ್ತು ಅದನ್ನು ನಡೆಸಿದವರು ಹೆಂಗಸರು. ಕೂಸಿನ ವಿಷಯದಲ್ಲಿ ಅವರು ಶಾಸ್ತ್ರ ಕೇಳಲು ಹೋಗಲಿಲ್ಲ, ಅರಿವಿಯನ್ನು ಕೆನ್ನೆಗೆ ಒತ್ತಿ ನೋಡಿದರು.

ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಮುಂದಿನ ಕೂಸನ್ನು ತಿಪ್ಪೆಯ ಮೇಲೆ ಮಲಗಿಸಿ ಎತ್ತಿಕೊಂಡು ತಿಪ್ಪಣ್ಣ, ತಿಪ್ಪವ್ವ ಎಂದು ಹೆಸರಿಡುತ್ತಿದ್ದರಲ್ಲ, ಅದರಲ್ಲೂ ಇದೇ ಬುದ್ಧಿ ಇದೆ. ಬಿಟ್ಟದ್ದನ್ನು ಸಾವು ಕಣ್ಣೆತ್ತಿ ನೋಡುವುದಿಲ್ಲ. ಕತ್ತರಿಸಿದ ಚೀವರವನ್ನು ಯಾರೂ ಆಸೆಪಡುವುದಿಲ್ಲ ಎಂಬುದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿಗೆ ಬಂದು ಕೌದಿ ಮುಗಿಸುತ್ತಾರೆ. ಮೂಲೆಗಳಿಗೆ ಹೂವು ಎಂದು ಕರೆಯುವ ಮುಕ್ಕೋನದ ತುಂಡುಗಳನ್ನು ಹಚ್ಚದಿದ್ದರೆ ಅವರಿಗೆ ಅದು ಬತ್ತಲೆ ಕೌದಿ. ಚಿಂದಿಯಿಂದ ಮಾಡಿದ್ದಕ್ಕೂ ಒಂದು ಮರ್ಯಾದೆ ಇರುತ್ತದೆ.

ಅತ್ತೆಯವರ ಸೀರೆಗಳ ಮಾತು ಬಂದಾಗ ನನ್ನ ನಾದಿನಿ ಅತ್ತಳು. “ವೈನಿ, ಅವ್ವನ ಸೀರಿಗೆ ಕತ್ತರಿ ಹಚ್ಚಬ್ಯಾಡ್ರಿ. ಹಂಗs ಇಡ್ರಿ, ಗುರ್ತಿಗೆ.” ಟ್ರಂಕಿನಲ್ಲಿ ಇಟ್ಟರೆ ಮಡಿಕೆಯ ಮೇಲೇ ಹರಿಯುತ್ತದೆ ಎಂದು ಹೇಳಿದೆ. ಅದು ನಿಜವಾದ ಉತ್ತರ ಅಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕತ್ತರಿಸಿದರೆ ಅದು ಅವ್ವನ ಸೀರೆಯಾಗಿ ಉಳಿಯುತ್ತದೆಯೇ, ಇಲ್ಲವೇ? ಅವಳು ಕೇಳಿದ್ದು ಅದು.

ನನ್ನ ತಂದೆ ಅನ್ನಂಭಟ್ಟನ ತರ್ಕಸಂಗ್ರಹ ಪಾಠ ಹೇಳುತ್ತಿದ್ದರು. ಕಾರಣಗಳನ್ನು ವಿವರಿಸಲು ಅಲ್ಲಿ ಬರುವುದು ಬಟ್ಟೆಯೇ: ನೂಲು ಸಮವಾಯಿ ಕಾರಣ, ನೂಲುಗಳ ಸಂಯೋಗ ಅಸಮವಾಯಿ ಕಾರಣ, ಲಾಳಿ ಮಗ್ಗಗಳು ನಿಮಿತ್ತ ಕಾರಣ. ನೈಯಾಯಿಕರ ಪ್ರಕಾರ ಬಟ್ಟೆ ನೂಲಿನಲ್ಲಿ ಮೊದಲೇ ಇರಲಿಲ್ಲ, ಹೊಸದಾಗಿ ಹುಟ್ಟಿತು. ಹರಿದರೆ ಆ ಇಡೀ ಬಟ್ಟೆ ನಾಶವಾಗುತ್ತದೆ, ಖಂಡಪಟ ಎಂಬ ಬೇರೊಂದು ವಸ್ತು ಹುಟ್ಟುತ್ತದೆ. ವೇದಾಂತಿಗಳು ಒಪ್ಪುವುದಿಲ್ಲ. ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಬಟ್ಟೆಯ ದೃಷ್ಟಾಂತದ ಮೇಲೇ ಒಂದು ಸೂತ್ರವಿದೆ. ಸುತ್ತಿಟ್ಟ ಬಟ್ಟೆ, ಬಿಡಿಸಿ ಹರಡಿದ ಬಟ್ಟೆ ಬೇರೆ ಬೇರೆ ಅಲ್ಲ ಎಂದು ಶಂಕರರು ಅದನ್ನು ವಿವರಿಸುತ್ತಾರೆ. ನಾದಿನಿಗೆ ವೇದಾಂತದ ಉತ್ತರ ಕೊಟ್ಟಿದ್ದರೆ ಸುಲಭವಾಗುತ್ತಿತ್ತು: ಏನೂ ಹೋಗುವುದಿಲ್ಲ, ಎಲ್ಲ ಅದೇ. ನನಗೆ ಆ ಮಾತು ಬಾಯಿಗೆ ಬರಲಿಲ್ಲ. ಕತ್ತರಿ ಹಿಡಿದವಳಿಗೆ ಹೋಗುತ್ತದೆ ಎಂಬುದು ಗೊತ್ತು. ಎಷ್ಟು ಮೊಳದ್ದೇ ಇರಲಿ, ಒಮ್ಮೆ ಕತ್ತರಿಸಿದ ಸೀರೆಯನ್ನು ಮತ್ತೆ ಯಾರೂ ಉಡಲಾರರು. ಹಾಗಾಗಿ ಈ ಒಂದು ವಿಷಯದಲ್ಲಿ ನಾನು ನೈಯಾಯಿಕರ ಪಕ್ಷ. ನಷ್ಟವನ್ನು ಅವರು ಮುಚ್ಚಿಡುವುದಿಲ್ಲ, ಆದ್ದರಿಂದ ಕತ್ತರಿಸುವ ಮುಂಚೆ ನಾಲ್ಕು ಸಲ ಅಳೆಯಬೇಕಾಗುತ್ತದೆ. ಮತ್ತು ಹುಟ್ಟಿದ್ದು ನಿಜವಾಗಿ ಹುಟ್ಟಿತು ಎಂದೂ ಅವರೇ ಹೇಳುತ್ತಾರೆ. ಕೌದಿ ಅವ್ವನ ಸೀರೆಯ ಮುಕ್ಕಾದ ನೆನಪಲ್ಲ. ಅದು ಕೌದಿ, ತನ್ನದೇ ಆಯುಷ್ಯ ಇರುವ ವಸ್ತು. ನೂಲು ಮಾತ್ರ ಅವೇ. ಇದನ್ನೇ ಅವಳಿಗೆ ಹೇಳಿದೆ. ಒಂದು ಸೀರೆ ಅವಳು ಇಟ್ಟುಕೊಂಡಳು, ಉಳಿದವು ನನ್ನ ಮಷಿನ್ ಹತ್ತಿರ ಬಂದವು.

ಚಿಂದಿಯ ಗಂಟು ಬೆಳೆಯುತ್ತ ಹೋಗುವುದೂ ಒಂದು ರೋಗ, ಅದನ್ನೂ ಹೇಳಬೇಕು. ಬೇಕಾಗಬಹುದು ಎಂದು ಪ್ರತಿಯೊಂದು ತುಂಡನ್ನೂ ಎತ್ತಿಡುವುದು ಕಾಯಕವಲ್ಲ, ಆಸೆ. ಆಯ್ದಕ್ಕಿ ಲಕ್ಕಮ್ಮ ಗಂಡ ಮಾರಯ್ಯ ದಿನದ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ನೆಲಕ್ಕೆ ಬಿದ್ದ ಅಕ್ಕಿ, ಯಾರದೂ ಅಲ್ಲ. ಆದರೂ ಹೆಚ್ಚಾದರೆ ಹೆಚ್ಚೇ. ವಿನಯದಲ್ಲಿ ಭಿಕ್ಷು ಹೆಚ್ಚಿನ ಚೀವರವನ್ನು ಹತ್ತು ದಿನಕ್ಕಿಂತ ಮೇಲೆ ಇಟ್ಟುಕೊಳ್ಳುವಂತಿಲ್ಲ. ಗೃಹಿಣಿಗೆ ಹತ್ತು ದಿನ ಸಾಲದು. ನನ್ನ ಗಂಟು ಒಂದೇ. ಅದು ತುಂಬಿದರೆ ಕೌದಿ ಹೊಲಿಯಬೇಕು, ಇಲ್ಲ ಹೊಲಿಯುವವರಿಗೆ ಕೊಡಬೇಕು.

ಈಗ ಶ್ಲೋಕಕ್ಕೆ ನಾನು ಹೇಳಬೇಕಾದ್ದು. ಶರೀರ ನಿಜವಾಗಿ ಬಟ್ಟೆಯಾದರೆ ಬಟ್ಟೆಗೆ ಮಾಡಿದ ಹಾಗೇ ಅದಕ್ಕೂ ಮಾಡಬೇಕು. ಶ್ಲೋಕ ಬಾಯಿಪಾಠ ಬರುವ ಮನೆಗಳಲ್ಲೇ ನೇತ್ರದಾನ ಎಂದರೆ ಹಿಂಜರಿಯುತ್ತಾರೆ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡಾಗುತ್ತೇವೆ ಎಂಬ ಅಂಜಿಕೆ. ಬಿಟ್ಟ ಅಂಗಿಯ ಗುಂಡಿಯನ್ನು ಯಾರೋ ಬಿಚ್ಚಿಕೊಂಡರೆ ಹೊಸ ಅಂಗಿಯ ಗುಂಡಿ ಉದುರುತ್ತದೆಯೇ? ಡಾ. ರಾಜ್‌ಕುಮಾರ್ 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. 2021ರ ಅಕ್ಟೋಬರಿನಲ್ಲಿ ಪುನೀತ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಎರಡು ಕಾರ್ನಿಯಾಗಳನ್ನೂ ಮುಂಪದರ, ಹಿಂಪದರ ಎಂದು ಬೇರ್ಪಡಿಸಿ ನಾಲ್ವರಿಗೆ ಹಾಕಿದರು. ಆ ಸುದ್ದಿ ಓದಿದ ದಿನ ನಾನು ಪತ್ರಿಕೆ ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದೆ. ಎಲ್ಲಿ ಸವೆದಿದೆಯೋ ಅಲ್ಲಿಗೆ ಮಾತ್ರ, ಎಷ್ಟು ಬೇಕೋ ಅಷ್ಟೇ ಪದರ. ಯಾವ ಗೃಹಿಣಿಯೂ ಇಷ್ಟು ಜೋಪಾನವಾಗಿ ತೇಪೆ ಹಾಕಿಲ್ಲ.

ಮನೆಯವರೂ ನಾನೂ ಅರ್ಜಿ ತುಂಬಿದ್ದೇವೆ. ನಾದಿನಿ ಇನ್ನೂ ತುಂಬಿಲ್ಲ, ಆದರೆ ನನ್ನ ಪಾಳಿ ಬಂದಾಗ ಫೋನ್ ಮಾಡುವವಳು ಅವಳೇ. ಆರು ತಾಸಿನೊಳಗೆ ನೇತ್ರ ಬ್ಯಾಂಕಿನವರು ಬರಬೇಕು. ಅಷ್ಟರವರೆಗೆ ಫ್ಯಾನ್ ಬಂದ್ ಮಾಡಬೇಕು, ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಬೇಕು, ತಲೆಯ ಕೆಳಗೆ ದಿಂಬು ಕೊಟ್ಟು ಸ್ವಲ್ಪ ಎತ್ತರ ಮಾಡಬೇಕು. ಇದನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಅವಳ ಕೈಗೆ ಕೊಟ್ಟಿದ್ದೇನೆ. ಶ್ಲೋಕ ಹೇಳುವವರು ಆಮೇಲೆ ಹೇಳಲಿ, ಮೊದಲು ಫೋನ್ ಹಚ್ಚು ಎಂದಿದ್ದೇನೆ.