ದೋಣಿಯವನ ತಪ್ಪೇನು?

ಗೀತೆಯ ನಾಲ್ಕನೆಯ ಅಧ್ಯಾಯದ ಹದಿನೆಂಟನೆಯ ಶ್ಲೋಕಕ್ಕೆ ಭಾಷ್ಯ ಬರೆಯುವಾಗ ಶಂಕರರು ಒಂದು ದೋಣಿಯನ್ನು ತರುತ್ತಾರೆ. ದೋಣಿ ಸಾಗುತ್ತಿದೆ, ಒಳಗೆ ಕೂತವನಿಗೆ ದಡದ ಮರಗಳೇ ಹಿಂದಕ್ಕೆ ಓಡಿದಂತೆ ಕಾಣುತ್ತವೆ. ಕರ್ಮವಿಲ್ಲದ ಆತ್ಮದಲ್ಲಿ ಕರ್ಮವನ್ನು ಕಾಣುವುದೂ ಹೀಗೆಯೇ ಎನ್ನುತ್ತಾರೆ. ಅವರಿಗಿಂತ ಎಷ್ಟೋ ಮೊದಲಿನ 'ಆರ್ಯಭಟೀಯ'ದ ಗೋಲಪಾದದಲ್ಲೂ ಇದೇ ದೋಣಿ ಇದೆ. ಆದರೆ ಅದು ಹೊತ್ತ ಸರಕು ಬೇರೆ: ನಕ್ಷತ್ರಗಳು ಪಡುವಣಕ್ಕೆ ಸರಿಯುವಂತೆ ಕಾಣುವುದು ಭೂಮಿ ಮೂಡಣಕ್ಕೆ ತಿರುಗುವುದರಿಂದ.

ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ ಮೇಲೆ ಸಾಗರದ ಶಾಸ್ತ್ರಿಗಳೊಬ್ಬರ ಭಾಷ್ಯಪಾಠಕ್ಕೆ ಹೋಗಿ ಕೂರುತ್ತೇನೆ. "ಮರ ಓಡುವುದು ಭ್ರಾಂತಿ" ಎಂದು ಅವರು ಮುಗಿಸಿದಾಗ ನನಗೆ ಸುಮ್ಮನಿರಲು ಆಗಲಿಲ್ಲ. ದೋಣಿಯವನ ತಪ್ಪು ನಿಖರವಾಗಿ ಯಾವುದು?

ನಮ್ಮ ಸೀಮೆಯಲ್ಲಿ ದೋಣಿ ಎಂದರೆ ಸಿಗಂದೂರಿನ ಲಾಂಚು. 2025ರ ಜುಲೈನಲ್ಲಿ ಸೇತುವೆ ತೆರೆಯುವ ತನಕ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಶರಾವತಿ ಹಿನ್ನೀರು ದಾಟುವ ಬಸ್ಸು, ಜೀಪು, ಜನ ಎಲ್ಲ ಅದರ ಮೇಲೆಯೇ. ಗಾಳಿಯಿಲ್ಲದ ದಿನ ಬಸ್ಸಿನಲ್ಲೇ ಕೂತಿದ್ದರೆ, ಎಂಜಿನ್ನಿನ ಸದ್ದು ಬಿಟ್ಟರೆ, ಲಾಂಚು ಹೊರಟದ್ದು ಗೊತ್ತಾಗುವುದೇ ದಡ ಜರುಗಿದಾಗ. ಕೈಯಲ್ಲಿನ ಚಹಾ ತುಳುಕುವುದಿಲ್ಲ. 1632ರಲ್ಲಿ ಗೆಲಿಲಿಯೊ ಹಡಗಿನ ಮುಚ್ಚಿದ ಕೋಣೆಯೊಳಗೆ ಚಿಟ್ಟೆಗಳನ್ನೂ ಮೀನನ್ನೂ ತೊಟ್ಟಿಕ್ಕುವ ನೀರನ್ನೂ ಇಟ್ಟು ವಾದಿಸಿದ್ದು ಇದನ್ನೇ: ಒಂದೇ ವೇಗದಲ್ಲಿ ನೇರ ಸಾಗುವಾಗ ಒಳಗಿನ ಯಾವ ಪ್ರಯೋಗವೂ ಆ ಚಲನೆಯನ್ನು ತೋರಿಸಿಕೊಡದು. ದಡದವನು ಅಳೆದು ಲಾಂಚಿಗೆ ಕೊಡುವ ವೇಗವನ್ನೇ ಲಾಂಚಿನವನು ಅಳೆದು ಮರಕ್ಕೆ ಕೊಡುತ್ತಾನೆ. ಇಬ್ಬರ ಲೆಕ್ಕವೂ ಸರಿ. ಎಲ್ಲಿ ಕೂತು ಅಳೆದೆ ಎಂಬುದನ್ನು ಮರೆತರೆ ಮಾತ್ರ ತಪ್ಪು, ಮತ್ತು ಆ ಮರೆವು ದಡದವನಿಗೂ ಬರಬಹುದು.

ಬ್ರಹ್ಮಗುಪ್ತ 628ರಲ್ಲಿ ಆರ್ಯಭಟನನ್ನು ತರಾಟೆಗೆ ತೆಗೆದುಕೊಂಡ: ಭೂಮಿ ತಿರುಗುವುದಾದರೆ ಎತ್ತರದ ವಸ್ತುಗಳೇಕೆ ಉರುಳುವುದಿಲ್ಲ? ಲಲ್ಲ ಕೇಳಿದ: ಹಾರಿಹೋದ ಹಕ್ಕಿ ಗೂಡಿಗೆ ಹೇಗೆ ಮರಳುತ್ತದೆ? ತುಳುಕದ ಚಹಾ ಇಬ್ಬರಿಗೂ ಉತ್ತರ. ಆದರೂ ಅವರನ್ನು ನೋಡಿ ನಗುವವರನ್ನು ಕಂಡರೆ ನನಗಾಗದು. ಸಾಗರದ ಜನರನ್ನು ಭೂಮಿ ಸೆಕೆಂಡಿಗೆ ಸುಮಾರು 450 ಮೀಟರಿನಂತೆ ಮೂಡಣಕ್ಕೆ ಒಯ್ಯುತ್ತಿದೆ ಎಂದರೆ, ಪುಸ್ತಕದಲ್ಲಿ ಓದಿರದಿದ್ದರೆ ನಾವು ನಂಬುತ್ತಿದ್ದೆವೇ?

ಹಾಗೆಂದು "ಎಲ್ಲವೂ ಸಾಪೇಕ್ಷ" ಎಂದು ಕೈತೊಳೆದುಕೊಳ್ಳುವಂತಿಲ್ಲ. ತಿರುಗುವುದು ನೇರ ಸಾಗಿದಂತಲ್ಲ. 1851ರಲ್ಲಿ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯನ್ ಕಟ್ಟಡದೊಳಗೆ 67 ಮೀಟರ್ ತಂತಿಗೆ ಗುಂಡು ಕಟ್ಟಿ ತೂಗಿಬಿಟ್ಟ. ಅದು ಆಡುವ ದಿಕ್ಕು ಮೆಲ್ಲನೆ ಹೊರಳಿತು. ಆಕಾಶ ನೋಡದೆಯೇ ಭೂಮಿಯ ತಿರುಗಾಟ ತಿಳಿಯಿತು. ಪಂಚಾಂಗದವರು ಭೂಮಿಯನ್ನು ನಿಲ್ಲಿಸಿಕೊಂಡು ಸೂರ್ಯೋದಯದ ಹೊತ್ತು ಹೇಳಬಹುದು, ಹೇಳಲೇಬೇಕು. ಆದರೆ ಆ ಗುಂಡಿಗೆ ಅವರ ಅನುಕೂಲ ಬೇಕಿಲ್ಲ.

ನನ್ನ ತಕರಾರು ಇದರಾಚೆಗಿನದು. ಶಂಕರರ ದೃಷ್ಟಾಂತಕ್ಕೆ ನಿಜವಾಗಿ ನಿಂತ ದಡ ಬೇಕು. ಎಲ್ಲಿದೆ ಅದು? ಭೂಮಿ ಸೂರ್ಯನ ಸುತ್ತ ಸೆಕೆಂಡಿಗೆ 30 ಕಿ.ಮೀ. ಓಡುತ್ತಿದೆ. ನಿಂತೇ ಇವೆ ಎಂದು ನಂಬಿದ್ದ ತಾರೆಗಳಲ್ಲಿ ಲುಬ್ಧಕ, ಸ್ವಾತಿಯಂಥವು ಪ್ರಾಚೀನ ಗ್ರೀಕರು ಬರೆದಿಟ್ಟ ಜಾಗದಿಂದ ಸರಿದಿವೆ ಎಂದು 1718ರಲ್ಲಿ ಹ್ಯಾಲಿ ತೋರಿಸಿದ. ವಿಶ್ವದ ಹಿನ್ನೆಲೆ ವಿಕಿರಣ ಎಲ್ಲ ದಿಕ್ಕಿನಲ್ಲೂ ಸರಿಸಮನಾಗಿ ಕಾಣುವ ನೆಲೆಯೊಂದಿದೆ. ಅದಕ್ಕೆ ಹೋಲಿಸಿದರೆ ಸೂರ್ಯನ ವೇಗ ಸೆಕೆಂಡಿಗೆ ಸುಮಾರು 370 ಕಿ.ಮೀ. ಅದನ್ನೇ ಅಚಲ ಎಂದುಬಿಡಲು ಮನಸ್ಸಾಗುತ್ತದೆ. ಆದರೆ ಭೌತನಿಯಮಗಳು ಆ ನೆಲೆಗೆಂದು ಬೇರೆಯಾಗಿಲ್ಲ. ಲೆಕ್ಕಕ್ಕೆ ಸಲೀಸು, ಅಷ್ಟೇ.

ಶಾಸ್ತ್ರಿಗಳು ತಾಳ್ಮೆಯಿಂದ ಕೇಳಿದರು. "ಮೇಷ್ಟ್ರೇ, ಅಚಲವಾದದ್ದನ್ನು ಆಕಾಶದಲ್ಲಿ ಹುಡುಕಿ ಅಂತ ಆಚಾರ್ಯರು ಎಲ್ಲಿ ಹೇಳಿದ್ದಾರೆ? ಲಾಂಚು, ದಡ, ನಕ್ಷತ್ರ ಎಲ್ಲವೂ ದೃಶ್ಯವೇ. ದೃಶ್ಯಕ್ಕೆ ದೃಶ್ಯವನ್ನು ಹೋಲಿಸುವ ತನಕ ನಿಮ್ಮ ಲೆಕ್ಕ ಸರಿ. ನೋಡುವವನು ಅದರಲ್ಲಿ ಸೇರುವುದಿಲ್ಲ."

ಮಾತು ಚೆನ್ನಾಗಿತ್ತು. ಭೌತಶಾಸ್ತ್ರದ ವೀಕ್ಷಕ ಕೂಡ ಒಂದು ಗಡಿಯಾರ, ಒಂದು ಅಳತೆಕೋಲು. ಅಂದರೆ ಅವನೂ ದೃಶ್ಯದ ಪಾಲೇ. ಅಷ್ಟನ್ನು ಒಪ್ಪಿದೆ. "ಆದರೆ ಶಾಸ್ತ್ರಿಗಳೇ, ನಿಂತಿದೆ ಅನ್ನುವುದೂ ಯಾವುದಕ್ಕೋ ಹೋಲಿಸಿ ಹೇಳುವ ಮಾತೇ. ಹೋಲಿಕೆಗೆ ಸಿಗದ್ದನ್ನು ಚಲಿಸುತ್ತದೆ ಅನ್ನುವಂತಿಲ್ಲವಾದರೆ, ಅಚಲ ಅನ್ನುವುದು ಮಾತ್ರ ಹೇಗೆ?"

ಅವರು ನಕ್ಕು ಈಶಾವಾಸ್ಯವನ್ನು ನೆನಪಿಸಿದರು. ಅಲ್ಲಿ ಚಲನೆಯನ್ನೂ ನಿಶ್ಚಲತೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅದು ನನಗೆ ಒಪ್ಪಿಗೆ. ದಡದ ಮರಗಳ ವಿಚಾರದಲ್ಲಿ ಮಾತ್ರ ನಮ್ಮ ಜಗಳ ಇನ್ನೂ ಮುಗಿದಿಲ್ಲ.