24 ತುಣುಕು, 24 ವಾರ



ಭಾನುವಾರದ ಬಲಿಪೂಜೆಗೆ ಬಾರದಿರಲು ನಮಗೆ ಕಾರಣಗಳ ಬರವಿಲ್ಲ. ಮಳೆ, ನೆಂಟರು, ಮಕ್ಕಳ ಪರೀಕ್ಷೆ. ಇಂದು, ಭೂಮಿಯನ್ನೇ ಬಿಟ್ಟು ಹೋದ ಒಬ್ಬ ವಿಶ್ವಾಸಿಯ ವಿಷಯ ಹೇಳುತ್ತೇನೆ.

2013ರ ಸೆಪ್ಟೆಂಬರ್‌ನಲ್ಲಿ ಕಝಾಕಸ್ತಾನದ ಬೈಕನೂರಿನಿಂದ ಸೋಯುಜ್ ನೌಕೆಯೊಂದು ಮೂವರನ್ನು ಹೊತ್ತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೊರಟಿತು. ಇಬ್ಬರು ರಷ್ಯದವರು, ಮೂರನೆಯವರು ಅಮೆರಿಕದ ಮೈಕ್ ಹಾಪ್ಕಿನ್ಸ್. ಅವರು ಕಥೋಲಿಕ ಧರ್ಮಸಭೆಯನ್ನು ಸೇರಿ ಬಹಳ ಕಾಲವಾಗಿರಲಿಲ್ಲ. ಗ್ಯಾಲ್ವೆಸ್ಟನ್-ಹೂಸ್ಟನ್ ಮಹಾಧರ್ಮಪ್ರಾಂತ್ಯದ ಅನುಮತಿ ಪಡೆದು ಪರಮಪ್ರಸಾದವನ್ನು ಪುಟ್ಟ ಕರಡಿಗೆಯಲ್ಲಿ ಜೊತೆಗೊಯ್ದರು. 6 ಓಸ್ತಿಗಳು, ಒಂದೊಂದೂ 4 ತುಣುಕು. ವಾರಕ್ಕೊಂದರಂತೆ 24 ವಾರಗಳಿಗೆ ಸಾಕು.

ಆ ನಿಲ್ದಾಣ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುತ್ತದೆ. ಅಲ್ಲಿ ದಿನಕ್ಕೆ 16 ಬಾರಿ ಸೂರ್ಯೋದಯ. ದೇವಾಲಯದ ಗಂಟೆಯಿಲ್ಲ, ಕರೆಯುವ ನೆರೆಯವರಿಲ್ಲ. ಆದರೂ ಹಾಪ್ಕಿನ್ಸ್ ವಾರ ತಪ್ಪಿಸಲಿಲ್ಲ. ಡಿಸೆಂಬರ್‌ನಲ್ಲಿ ನಿಲ್ದಾಣವನ್ನು ತಂಪಾಗಿಡುವ ಪಂಪೊಂದು ಕೆಟ್ಟಿತು. ಅದನ್ನು ಬದಲಿಸಲು ಅವರು ಸಂಗಾತಿಯೊಬ್ಬರೊಡನೆ ಎರಡು ಬಾರಿ ನಿಲ್ದಾಣದ ಹೊರಗಿಳಿಯಬೇಕಾಯಿತು. ಎರಡನೆಯ ಬಾರಿ ಕ್ರಿಸ್ಮಸ್ಸಿನ ಹಿಂದಿನ ದಿನ. ಆ ಎರಡೂ ಬೆಳಿಗ್ಗೆ ಪರಮಪ್ರಸಾದ ಸ್ವೀಕರಿಸಿಯೇ ಹೊರಟರು. 166 ದಿನಗಳ ನಂತರ, 2014ರ ಮಾರ್ಚ್‌ನಲ್ಲಿ, ಸುರಕ್ಷಿತವಾಗಿ ಮರಳಿದರು.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಧರ್ಮಕೇಂದ್ರದಲ್ಲಿ ಹಾಸಿಗೆ ಹಿಡಿದ ಅಜ್ಜಿಯೊಬ್ಬರಿದ್ದರು. ಮನೆ ದೇವಾಲಯದಿಂದ ಎರಡೇ ಬೀದಿ. ಒಂದು ಮೊದಲ ಶುಕ್ರವಾರ, ಯಾವುದೋ ಸಭೆಯ ನೆಪದಲ್ಲಿ, ನಾನು ಅವರಿಗೆ ಪರಮಪ್ರಸಾದ ಒಯ್ಯಲಿಲ್ಲ. ಮುಂದಿನ ತಿಂಗಳು ಹೋದಾಗ ಅವರು ದೂರಲಿಲ್ಲ. "ಅವತ್ತು ಸಂಜೆವರೆಗೂ ಏನೂ ತಿನ್ನದೆ ಕಾದೆ, ಸ್ವಾಮಿ" ಎಂದರಷ್ಟೆ. ಅಂದಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. 400 ಕಿಲೋಮೀಟರ್ ಮೇಲಕ್ಕೆ ಹೋದ ಪ್ರಭು, ನನ್ನ ಉದಾಸೀನದಿಂದ ಎರಡು ಬೀದಿ ದಾಟಲಾಗಲಿಲ್ಲ.

ಪ್ರಿಯರೇ, ಹಸಿವಿದ್ದವರಿಗೆ ದೂರ ದೊಡ್ಡದಲ್ಲ. ಹಸಿವಿಲ್ಲದವರಿಗೆ ಪಕ್ಕದ ಬೀದಿಯೂ ದೂರವೇ. ನಿಮ್ಮ ನೆರೆಯಲ್ಲಿ ಪೂಜೆಗೆ ಬರಲಾಗದ ವೃದ್ಧರು, ರೋಗಿಗಳು ಇದ್ದಾರೆಯೇ? ಈ ವಾರವೇ ಅವರ ಬಾಗಿಲು ತಟ್ಟಿರಿ. ಅವರ ಹೆಸರನ್ನು ನಿಮ್ಮ ಗುರುಗಳಿಗೆ ತಿಳಿಸಿರಿ. ಕಾಲಿನಲ್ಲಿ ಬಲವಿರುವ ನಾವು ಭಾನುವಾರ ಗಂಟೆಯಾದಾಗ ಎದ್ದು ಹೊರಡೋಣ.

ದೂರ ಹೋದವರನ್ನೂ ಹಾಸಿಗೆಯಲ್ಲಿರುವವರನ್ನೂ ಹುಡುಕಿಕೊಂಡು ಬರುವ ಯೇಸುಸ್ವಾಮಿ ನಿಮ್ಮೆಲ್ಲರನ್ನು ಆಶೀರ್ವದಿಸಲಿ.