ಹಂಡೆಗೆ ಉರಿ ಹಾಕುವವರು ಯಾರು?

ಹಳೇ ಮನೆಯನ್ನು ರಿಪೇರಿ ಮಾಡಿಸುವಾಗ ಗಂಡ ಹೆಂಡತಿ ಜಗಳವಿಲ್ಲದೆ ಮುಗಿಸಬಹುದಾದ ಕೆಲಸಗಳು ಬೇಕಾದಷ್ಟಿವೆ. ಒಡೆದ ಹಂಚು ಬದಲಿಸುವುದು, ಗೆದ್ದಲು ಹಿಡಿದ ರೀಪು ಪಕಾಸಿ ತೆಗೆಸುವುದು, ಜಗುಲಿಗೆ ಬಣ್ಣ ಬಳಿಸುವುದು ಇವೆಲ್ಲ ಆ ಸಾಲಿನವು. ಬಚ್ಚಲುಮನೆ ಮಾತ್ರ ಆ ಸಾಲಿಗೆ ಸೇರುವುದಿಲ್ಲ. ಅಲ್ಲಿ ನಲ್ಲಿ ಎಲ್ಲಿ ಬರಬೇಕು ಎಂದು ಮೇಸ್ತ್ರಿ ಕೇಳಿದರೂ ಸಾಕು, ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತದೆ: ಇಲ್ಲಿ ಕೆಲಸ ಯಾರದ್ದು, ಸುಖ ಯಾರದ್ದು?

ಬಾಳೆಹೊನ್ನೂರಿನ ಭದ್ರೆಯ ಆಚೆ ಈಚೆ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಹಳೇ ಮನೆಗಳಲ್ಲಿ ಬಚ್ಚಲು ಇರುವುದು ಹಿತ್ತಿಲ ಕಡೆಗೆ. ಹೊಗೆ ಒಳಗೆ ಬರಬಾರದು ಎಂಬುದು ಒಂದು ಕಾರಣ. ತೋಟದಿಂದ ಬಂದವರು ಹಾಗೇ ಒಳಗೆ ಬರಬಾರದು ಎಂಬುದು ಇನ್ನೊಂದು. ಮಳೆಗಾಲದಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆದು ಬಂದವರನ್ನು ನೋಡಿದರೆ ಇದು ಅರ್ಥವಾಗುತ್ತದೆ. ಮೈತುತ್ತ ಮತ್ತು ಸುಣ್ಣ ಬೆರೆತ ಬೋರ್ಡೋ ದ್ರಾವಣದ ನೀಲಿ ಅವರ ತಲೆಗೂದಲಿನಿಂದ ಉಗುರಿನವರೆಗೂ ಹತ್ತಿರುತ್ತದೆ, ಕಾಲಿನಲ್ಲಿ ಉಂಬಳ ಕಚ್ಚಿಕೊಂಡಿರುತ್ತದೆ. ಕೊಳೆರೋಗಕ್ಕೆ ಈ ಔಷಧಿಯನ್ನು ನಮ್ಮ ಸೀಮೆಯ ಬೆಳೆಗಾರರಿಗೆ ಕಲಿಸಿಕೊಟ್ಟವರು ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಕಾಫಿ ಪ್ರಯೋಗ ಕೇಂದ್ರ ಶುರುವಾದದ್ದರ ಹಿಂದೆಯೂ ಅವರೇ ಇದ್ದರು. ಇವತ್ತಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ ಬೆಳೆದದ್ದು ಅದರಿಂದಲೇ.

ಕಾಫಿಗೂ ನಮ್ಮ ಬಚ್ಚಲಿಗೂ ನಂಟು ಇರುವುದು ಕಟ್ಟಿಗೆಯಲ್ಲಿ. ನಮ್ಮಲ್ಲಿ ಕಾಫಿ ಬೆಳೆಯುವುದು ಮರದ ನೆರಳಿನಲ್ಲಿ. ನೆರಳು ಹೆಚ್ಚಾಗದಂತೆ ಮಳೆಗಾಲಕ್ಕೆ ಮೊದಲು ಮರಗಸಿ ಮಾಡಿಸುತ್ತೇವೆ. ಹಾಗೆ ಇಳಿದ ರೆಂಬೆಗಳು, ಅಡಿಕೆ ಹಾಳೆ, ತೆಂಗಿನ ಮಟ್ಟೆ ಎಲ್ಲ ಸೇರಿ ವರ್ಷವಿಡೀ ಹಂಡೆಯ ನೀರು ಕಾಯಿಸುತ್ತವೆ. ಕೇಳುವವರಿಗೆ ಇದು ಪುಕ್ಕಟೆ ನೀರು. ಕಟ್ಟಿಗೆಗೆ ದುಡ್ಡು ಕೊಟ್ಟಿಲ್ಲ ಎಂಬುದೂ ನಿಜ.

ಆದರೆ ಆ ರೆಂಬೆ ತಾನಾಗಿ ಒಲೆಗೆ ನಡೆದು ಬರುವುದಿಲ್ಲ. ಕಡಿಯಬೇಕು, ಮಳೆ ಹಿಡಿಯುವ ಮೊದಲು ಅಟ್ಟಕ್ಕೆ ಏರಿಸಬೇಕು. ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹಿಂದಿನ ದಿನದ ಬೂದಿ ಬಾಚಿ, ಹಾಳೆ ಚೂರು ಇಟ್ಟು ಊದಬೇಕು. ಒಬ್ಬರು ಮಿಂದು ಬಂದ ಮೇಲೆ ಇನ್ನೊಬ್ಬರಿಗೆ ನೀರು ತುಂಬಬೇಕು. ಅಡಿಕೆ ಸುಗ್ಗಿಯಲ್ಲಿ ಚೊಗರು ಹತ್ತಿ ಕಪ್ಪಾದ ಕೈಗಳಿಗೆಲ್ಲ ಬಿಸಿನೀರು ಒದಗಿಸಬೇಕು. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯ ಮಸಿ ಕೆರೆದು, ಹುಣಸೆಹಣ್ಣು ಹಾಕಿ ತಿಕ್ಕಿ, ಜೇಡಿ ಸುಣ್ಣದ ಗೆರೆ ಎಳೆದು, ಕೊರಳಿಗೆ ಹಿಂಡಲೇಕಾಯಿ ಬಳ್ಳಿ ಸುತ್ತಬೇಕು. ಮರುದಿನ ಬೆಳಗ್ಗೆ ಎಣ್ಣೆ ಹಚ್ಚಿಕೊಂಡು ಮೊದಲು ಮೀಯುವವರು ಗಂಡಸರು. ನಮ್ಮ ಮನೆಯಲ್ಲಿ ಈ ಕೆಲಸ ಅತ್ತೆಯವರಿಂದ ನನಗೆ ಬಂತು, ಯಾರೂ ಹೇಳಿ ಒಪ್ಪಿಸಲಿಲ್ಲ. ಮನೆಗೆ ಬಂದ ಸೊಸೆಗೆ ಕೆಲವು ಕೆಲಸಗಳು ಹಾಗೇ ಬರುತ್ತವೆ.

ಬಚ್ಚಲು ಹೊಸದು ಮಾಡಿಸೋಣ ಎಂದಾಗ ಇವರು ಕೂಡಲೇ ಒಪ್ಪಿದರು. ಒಂದೇ ಷರತ್ತು.

‘ಹಂಡೆ ಮಾತ್ರ ತೆಗೆಯೋದು ಬೇಡ ಮಾರಾಯ್ತಿ. ಅಪ್ಪಯ್ಯನ ಕಾಲದ್ದು.’

‘ಬೇಡ ಅಂತ ನಾನೆಲ್ಲಿ ಹೇಳಿದೆ? ಇರಲಿ. ನಾಳೆಯಿಂದ ಉರಿ ನೀವು ಹಾಕಿ.’

ಇವರು ನಕ್ಕರು. ನಾನು ನಗಲಿಲ್ಲ ಎಂಬುದನ್ನು ಗಮನಿಸಿ ಸುಮ್ಮನಾದರು.

ಹಾಗೆಂದು ಹಂಡೆ ಉಳಿಸಬೇಕೆನ್ನುವುದರಲ್ಲಿ ಹುರುಳಿಲ್ಲ ಎಂದಲ್ಲ. ಆಷಾಢದ ಮಳೆಯಲ್ಲಿ ಲೈನಿನ ಮೇಲೆ ಮರ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವವರಿಲ್ಲ, ಗೀಸರ್ ಸುಮ್ಮನೆ ಗೋಡೆಯ ಮೇಲೆ ಕೂತಿರುತ್ತದೆ. ಸೋಲಾರ್ ಹಾಕಿಸಿದವರ ಮನೆಯಲ್ಲೂ ನಮ್ಮ ಮಳೆಗಾಲದಲ್ಲಿ ಬಿಸಿಲಿಗೆ ಕಾಯಬೇಕು. ಲೆಕ್ಕವನ್ನೂ ನೋಡಿ. ನೂರು ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಕಾಯಿಸಲು ಸುಮಾರು 3 ಯೂನಿಟ್ ಕರೆಂಟು ಬೇಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 4 ಯೂನಿಟ್‌ನಷ್ಟು ಶಾಖ ಇರುತ್ತದೆ. ಕಾಗದದ ಮೇಲೆ ಒಂದು ಕಿಲೋ ಕಟ್ಟಿಗೆ ಧಾರಾಳವಾಯಿತು. ಆದರೆ ಬಾಯಿ ತೆರೆದ ಹಳೇ ಬಚ್ಚಲು ಒಲೆಯಲ್ಲಿ ಅದರ ಹಲವು ಪಟ್ಟು ಉರಿಯುತ್ತದೆ, ಶಾಖದ ಬಹುಪಾಲು ಹೊಗೆಯ ಜೊತೆ ಮಾಡಿಗೆ ಹೋಗುತ್ತದೆ, ಹೊಗೆ ಊದುವವರ ಎದೆಗೆ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 1974ರಲ್ಲಿ ಕಟ್ಟಿದ ‘ಅಸ್ತ್ರ’ ತಂಡ ಹಳ್ಳಿಯ ಒಲೆಯನ್ನು ವಿಜ್ಞಾನದ ವಿಷಯವೆಂದು ತೆಗೆದುಕೊಂಡದ್ದು ಇದೇ ಕಾರಣಕ್ಕೆ. ಅಡುಗೆಯ ಅಸ್ತ್ರ ಒಲೆ ಹೆಚ್ಚು ಹೆಸರಾಯಿತು. ಸ್ನಾನದ ನೀರಿನ ಒಲೆಯ ಮೇಲೂ ಅವರು ಕೆಲಸ ಮಾಡಿದ್ದಾರೆ. ಬೆಂಕಿಯನ್ನು ಎಲ್ಲ ಕಡೆ ಮುಚ್ಚಬೇಕು, ಗಾಳಿ ಅಳತೆಗೆ ತಕ್ಕಷ್ಟೇ ಒಳಗೆ ಬರಬೇಕು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗಬೇಕು. ವಿಷಯ ಇಷ್ಟೇ.

ನಾವೂ ಹಾಗೇ ಮಾಡಿಸಿದೆವು. ಹಂಡೆಯ ಸುತ್ತ ಇಟ್ಟಿಗೆ ಕಟ್ಟಿ, ಮಾಡಿನಿಂದ ಮೇಲಕ್ಕೆ ಹೊಗೆಕೊಳವೆ ಬಿಟ್ಟು, ಉರಿ ಹಾಕುವ ಬಾಯಿಯನ್ನು ಹೊರಗಿನ ಗೋಡೆಗೆ ಕೊಟ್ಟೆವು. ಬೆಂಕಿಯ ಕೆಲಸ ಇವರ ಪಾಲಿಗೆ ಹೋಯಿತು. ಇಲ್ಲಿಂದ ಮುಂದಿನದ್ದೇ ನನಗೆ ಸ್ವಾರಸ್ಯವಾಗಿ ಕಂಡದ್ದು. ಉರಿ ಹಾಕಲು ಶುರುಮಾಡಿದ ಕೆಲವೇ ದಿನಗಳಲ್ಲಿ ಇವರು ಪ್ಲಂಬರನ್ನು ಮತ್ತೆ ಕರೆಸಿದರು. ಟ್ಯಾಂಕಿನಿಂದ ಹಂಡೆಗೆ ನೇರವಾಗಿ ಒಂದು ಪೈಪು, ಅದಕ್ಕೊಂದು ನಲ್ಲಿ. ಅಬ್ಬಿಯ ನೀರು ಅಡಿಕೆ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಕಾಲ ಹೋಗಿ, ಬಾವಿಗೆ ಮೋಟಾರು ಬಂದು, ಮನೆಯ ಮೇಲೆ ಟ್ಯಾಂಕು ಕೂತು ಎಷ್ಟೋ ವರ್ಷವಾಗಿತ್ತು. ಹಂಡೆಗೆ ಮಾತ್ರ ಕೊಡಪಾನದಲ್ಲೇ ನೀರು ತುಂಬುತ್ತಿದ್ದೆವು. ಎರಡು ಮಾರು ಪೈಪು ಸಾಕೆಂದು ಯಾರಿಗೂ ಹೊಳೆದಿರಲಿಲ್ಲ. ಕೊಡಪಾನ ಎತ್ತುವ ಕೈ ಬದಲಾಯಿತು, ಪೈಪು ಬಂತು. ಮೇ ತಿಂಗಳಲ್ಲೇ ಕಟ್ಟಿಗೆ ಅಟ್ಟಕ್ಕೆ ಏರಿತು. ‘ಹಸಿ ಸೌದೆ ಹತ್ತೋದೇ ಇಲ್ಲ ನೋಡು’ ಎಂದು ಇವರು ನನಗೆ ವಿವರಿಸಿದಾಗ ಆಶ್ಚರ್ಯಪಟ್ಟವಳಂತೆ ಕೇಳಿಸಿಕೊಂಡೆ.

ಇನ್ನೊಂದು ಬಚ್ಚಲು ಮನೆಯ ಒಳಗಿನದು, ಮಲಗುವ ಕೋಣೆಗೆ ಹೊಂದಿಕೊಂಡು ಹೊಸದಾಗಿ ಮಾಡಿಸಿದ್ದು. ಅದು ಬೇಕು ಎಂದವಳು ನಾನು. ಕೊನೆಗಾಲದಲ್ಲಿ ಅತ್ತೆಯವರು ಪಾಚಿ ಕಟ್ಟಿದ ಚಪ್ಪಡಿಯ ಮೇಲೆ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಆಮೇಲೆ ಅವರನ್ನು ಮೀಯಿಸುವುದೇ ಒಂದು ಸಾಹಸ. ಹಳೇ ಬಚ್ಚಲಿನ ಬಾಗಿಲಲ್ಲಿ ಇಬ್ಬರು ಜೊತೆಯಾಗಿ ಹೋಗುವಂತಿಲ್ಲ, ಎತ್ತರದ ಹೊಸ್ತಿಲು ಬೇರೆ. ಅವರನ್ನು ಒಳಗೆ ದಾಟಿಸಿ, ಹಿಂದಿನಿಂದ ನಾನು ಸೇರಿಕೊಳ್ಳುವಷ್ಟರಲ್ಲಿ ಅವರು ಗೋಡೆಯನ್ನು ತಡವುತ್ತಾ ನಿಂತಿರುತ್ತಿದ್ದರು. ಹಿಡಿಯಲು ಆ ಗೋಡೆಯಲ್ಲಿ ಏನೂ ಇರಲಿಲ್ಲ.

ಜಗತ್ತಿನಲ್ಲಿ ಅಪಘಾತದ ಸಾವುಗಳಿಗೆ ರಸ್ತೆ ಅಪಘಾತ ಬಿಟ್ಟರೆ ಅತಿ ದೊಡ್ಡ ಕಾರಣ ಬೀಳುವುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ವರ್ಷಕ್ಕೆ ಆರೂವರೆ ಲಕ್ಷಕ್ಕೂ ಹೆಚ್ಚು ಜನ ಹೀಗೆ ಸಾಯುತ್ತಾರೆ, ಅದರಲ್ಲಿ ಅರವತ್ತು ದಾಟಿದವರೇ ಹೆಚ್ಚು. ಆದರೂ ಟೈಲ್ಸ್ ಅಂಗಡಿಗೆ ಹೋದ ದಂಪತಿ ಬಣ್ಣ ಕೇಳುತ್ತಾರೆ, ನೀರು ಬಿದ್ದಾಗ ಜಾರುತ್ತದೆಯೇ ಎಂದು ಕೇಳುವವರು ಕಡಿಮೆ. ಕನ್ನಡಿಯಂತೆ ಹೊಳೆಯುವುದು ಶೋರೂಮಿಗೆ ಚೆಂದ. ಕಾಲಿಗೆ ಒರಟು ಮೈ ಇರುವುದೇ ಬೇಕು.

‘ಈಗಲೇ ಮುದುಕರ ಬಚ್ಚಲು ಯಾಕೆ?’ ಎಂದರು ಇವರು. ಮುದುಕರಾದ ಮೇಲೆ ಗೋಡೆ ಒಡೆಸಲು ಯಾರಿಗೆ ತ್ರಾಣವಿರುತ್ತದೆ? ಹೊಸ್ತಿಲು ತೆಗೆಸಿದೆವು. ನೀರು ಕೋಣೆಗೆ ಬರದಂತೆ ನೆಲದ ಇಳಿಜಾರನ್ನು ಒಳಮೂಲೆಗೆ ಕೊಟ್ಟೆವು. ಬಾಗಿಲು ಹೊರಕ್ಕೆ ತೆರೆಯುವಂತೆ ಮಾಡಿಸಿದೆವು, ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ತಳ್ಳಿ ತೆರೆಯಲು ಬರುವುದಿಲ್ಲ. ಅಗಲ 900 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಮೂರಡಿ. ಗಾಲಿಕುರ್ಚಿ ಸಲೀಸಾಗಿ ಹೋಗಲು ಕನಿಷ್ಠ ಇಷ್ಟು ಬೇಕೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಹೇಳುತ್ತದೆ. ನಮ್ಮದು ಮಣ್ಣಿನ ಗೋಡೆ. ಅದರ ಮೇಲೆ ನೇರವಾಗಿ ಸಿಮೆಂಟು ಬಳಿದು ಟೈಲ್ಸ್ ಅಂಟಿಸಿದರೆ ಒಳಗೆ ಸಿಕ್ಕಿಕೊಂಡ ತೇವಕ್ಕೆ ದಾರಿ ಇಲ್ಲದೆ ಗೋಡೆ ಒಳಗಿಂದೊಳಗೆ ಸಡಿಲವಾಗುತ್ತದೆ ಎಂದು ಮೇಸ್ತ್ರಿ ಎಚ್ಚರಿಸಿದ್ದರು. ಅದಕ್ಕೇ ಹಳೇ ಗೋಡೆಯಿಂದ ಸ್ವಲ್ಪ ಬಿಟ್ಟು ಘನ ಬ್ಲಾಕಿನ ಬೇರೆ ಗೋಡೆಯನ್ನೇ ಎಬ್ಬಿಸಿದೆವು. ಮೈಭಾರ ತಡೆಯುವ ಕಂಬಿ ಬಿಗಿಯಲಿಕ್ಕೂ ಅಂಥ ಗೋಡೆಯೇ ಬೇಕು.

ಕಂಬಿ ಎಷ್ಟು ಎತ್ತರಕ್ಕೆ? ಮೇಸ್ತ್ರಿಯ ಈ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಇವರು ಒಣ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲು ಹಾಕಿ ಕೂತು, ಏಳುವಾಗ ಕೈ ಎಲ್ಲಿಗೆ ಹೋಗುತ್ತದೆಂದು ತೋರಿಸಿದರು. ಮೇಸ್ತ್ರಿ ಪೆನ್ಸಿಲಿನಲ್ಲಿ ಗುರುತು ಹಾಕಿದರು. ‘ಅಮ್ಮಾ, ಈಗ ನೀವು.’ ನಾನು ಇವರ ಭುಜಕ್ಕೆ ಬರುವವಳು, ನನ್ನ ಗುರುತು ಒಂದು ಗೇಣು ಕೆಳಗೆ ಬಿತ್ತು. ಎರಡು ಗುರುತುಗಳ ನಡುವೆ ಯಾರ ಮಾತು ನಡೆಯಬೇಕು? ಮೇಸ್ತ್ರಿ ಯೋಚಿಸಿ ಕಂಬಿಯನ್ನು ಎರಡೂ ಗುರುತಿಗೆ ತಾಗುವಂತೆ ಓರೆಯಾಗಿ ಹಿಡಿದು ತೋರಿಸಿದರು. ಹಾಗೇ ಬಿಗಿದದ್ದೂ ಆಯಿತು. ಮುಂದೆ ಯಾರು ಯಾರನ್ನು ಎತ್ತಬೇಕಾಗುತ್ತದೋ ಎಂಬ ಮಾತನ್ನು ನಾವಿಬ್ಬರೂ ಅದುವರೆಗೆ ಆಡಿರಲಿಲ್ಲ. ಆವತ್ತೂ ಬಾಯಿಬಿಟ್ಟು ಆಡಲಿಲ್ಲ, ಕಂಬಿಯ ಎತ್ತರವನ್ನಷ್ಟೇ ಮಾತಾಡಿದೆವು. ಸಾಕಾಯಿತು.

ಈ ಬಚ್ಚಲಿನ ಜೊತೆಗೆ ಕಕ್ಕಸೂ ಮನೆಯೊಳಗೆ ಬಂತು. ಹಿಂದಿನವರು ಅದಕ್ಕೆ ಒಪ್ಪುತ್ತಿರಲಿಲ್ಲ. ದೇವರ ಕೋಣೆ ಇರುವ ಮನೆಯಲ್ಲಿ ಕಕ್ಕಸೇ ಎಂಬ ಮಾತು ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಮಡಿಯ ವಿಚಾರದಲ್ಲಿ ಇಷ್ಟು ಯೋಚಿಸಿದ ನಾವು, ಅದನ್ನು ತೊಳೆಯುವವರ ವಿಚಾರದಲ್ಲಿ ಎಷ್ಟು ಯೋಚಿಸಿದ್ದೇವೆ? ಪಟ್ಟಣಗಳಲ್ಲಿ ಮನುಷ್ಯರು ತಲೆಯ ಮೇಲೆ ಮಲ ಹೊರುತ್ತಿದ್ದ ಕಾಲ ತೀರಾ ಹಿಂದಿನದಲ್ಲ. ದೇವರಾಜ ಅರಸರ ಸಂಪುಟದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ಕರ್ನಾಟಕದಲ್ಲಿ ಅದನ್ನು ನಿಷೇಧಿಸಿದ್ದು 1970ರ ದಶಕದಲ್ಲಿ. ಕೆಜಿಎಫ್‌ನಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಪದ್ಧತಿಯ ವಿರುದ್ಧದ ಹೋರಾಟವನ್ನು ದೇಶದುದ್ದಕ್ಕೂ ಒಯ್ದರು, 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2013ರ ಕಾಯ್ದೆಯ ಪ್ರಕಾರ ರಕ್ಷಣೆಯಿಲ್ಲದೆ ಯಾರನ್ನೇ ಆಗಲಿ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ಆದರೂ ಟ್ಯಾಂಕಿನ ವಿಷಗಾಳಿಗೆ ಸತ್ತವರ ಸುದ್ದಿ ಪೇಪರಿನಲ್ಲಿ ಬರುತ್ತಲೇ ಇದೆ.

ಈ ಸುದ್ದಿಗೆ ಮನೆ ಕಟ್ಟಿಸುವವರು ಮಾಡಬಹುದಾದದ್ದು ಒಂದಿದೆ. ಜಾಗ ಉಳಿಯುತ್ತದೆಂದು ಟ್ಯಾಂಕನ್ನು ಹಿತ್ತಿಲ ಮೂಲೆಯಲ್ಲೋ ಮೆಟ್ಟಿಲ ಕೆಳಗೋ ಹುದುಗಿಸಿ ಮೇಲೆ ಟೈಲ್ಸ್ ಹಾಕಿದರೆ, ತುಂಬಿದ ದಿನ ಹೀರುವ ಗಾಡಿಯ ಪೈಪು ಅಲ್ಲಿಗೆ ಮುಟ್ಟುವುದಿಲ್ಲ. ಆಗ ಯಾರನ್ನೋ ಬಕೆಟ್ ಹಿಡಿಸಿ ಇಳಿಸುವ ಮಾತು ಬರುತ್ತದೆ. ನಾವು ಟ್ಯಾಂಕನ್ನು ಬಾವಿಯಿಂದ ದೂರಕ್ಕೆ, ಗಾಡಿ ಬರುವ ದಾರಿಯ ಪಕ್ಕಕ್ಕೆ ತಂದೆವು, ಎತ್ತಿ ತೆಗೆಯುವಂಥ ಮುಚ್ಚಳ ಹಾಕಿಸಿದೆವು. ಅಂಗಳದ ಅಂದ ಸ್ವಲ್ಪ ಕೆಟ್ಟಿತು, ಪೈಪಿನ ಖರ್ಚು ಹೆಚ್ಚಿತು. ಮೀಯುವ ನೀರನ್ನು ಟ್ಯಾಂಕಿಗೆ ಸೇರಿಸದೆ ಮೊದಲಿನಂತೆ ಬಾಳೆಯ ಬುಡಕ್ಕೇ ಬಿಟ್ಟೆವು. ಟ್ಯಾಂಕು ಬೇಗ ತುಂಬುವುದಿಲ್ಲ, ಬಾಳೆಗೂ ಬೇಸಿಗೆ ಕಳೆಯುತ್ತದೆ.

ಹಳೆಯದನ್ನು ಉಳಿಸಬೇಕು ಎನ್ನುವ ಮಾತು ಚೆಂದ. ಆದರೆ ಉಳಿಸಿದ್ದನ್ನು ದಿನಾ ತಿಕ್ಕುವವರು, ತುಂಬುವವರು, ಊದುವವರು ಆ ಮಾತನ್ನು ಹೇಳಿದರೆ ಅದಕ್ಕೊಂದು ತೂಕ. ಬೇರೆಯವರ ಬೆನ್ನಿನ ಮೇಲೆ ಪರಂಪರೆ ಉಳಿಸುವುದು ಸುಲಭ. ಹೊಸದಕ್ಕೂ ಇದೇ ಮಾತು. ಬಿಳಿ ಟೈಲ್ಸ್ ಬೇಕೆನ್ನುವವರು ಅದರ ಸಂದಿಯ ಕರೆಯನ್ನು ಬ್ರಷ್ ಹಿಡಿದು ಉಜ್ಜಲೂ ಸಿದ್ಧರಿರಬೇಕು. ಟೈಲ್ಸ್ ಅಂಗಡಿಗೆ ಹೊರಡುವ ಮುಂಚೆ ಗಂಡ ಹೆಂಡತಿ ಒಂದು ಹಾಳೆಯಲ್ಲಿ ಬಚ್ಚಲಿನ ಕೆಲಸಗಳನ್ನೆಲ್ಲ ಬರೆದು, ಎದುರಿಗೆ ಮಾಡುವವರ ಹೆಸರು ಬರೆದುಕೊಂಡರೆ ಅರ್ಧ ನಕಾಶೆ ಅಲ್ಲೇ ತಯಾರಾಗುತ್ತದೆ.

ಬರುವ ವರ್ಷ ಅಡುಗೆಮನೆಯ ಸರದಿ. ಮೊನ್ನೆ ಇವರು ಒರಳುಕಲ್ಲಿನ ಮುಂದೆ ನಿಂತು, ‘ಇದನ್ನು ಉಳಿಸಿಕೊಂಡರೆ...’ ಎಂದು ಶುರುಮಾಡಿದವರು, ನನ್ನ ಮುಖ ನೋಡಿ, ‘ರುಬ್ಬೋದು ಹೇಗೆ ಅಂತ ಮೊದಲು ನನಗೆ ಹೇಳಿಕೊಡು’ ಎಂದು ಮುಗಿಸಿದರು.